ಕೇಳಿದ ಹುಡುಗಿ, ಕಳಿಸಿದ ಹುಡುಗಿ

ಉರಿಗಾಂ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡದ ವೆಂಕಟರತ್ನಮ್ಮ ಟೀಚರ್‌ಗೆ ಕಣ್ಣಿದೆ ಅಂತ ಇಡೀ ಕೆ.ಜಿ.ಎಫ್. ಹೇಳುತ್ತಿತ್ತು. ಕಣ್ಣು ಅಂದರೆ ನಿಮಗೂ ನಮಗೂ ಇರುವ ಕಣ್ಣಲ್ಲ. ಬೀದಿಯಲ್ಲಿ ಹೋಗುವ ಹುಡುಗಿಯನ್ನು ಒಂದು ಸಲ ನೋಡಿ, ಇವಳು ರಿಂಗಿನ ಕೆಳಗೆ ಬಂಡೆಯ ಹಾಗೆ ನಿಲ್ಲುತ್ತಾಳೆ, ಅಗೋ ಅವಳು ಮಳೆಗಾಲ ಬರುವುದರೊಳಗೆ ಮಂಡಿ ನೋವು ಅಂತ ಮನೆ ಸೇರುತ್ತಾಳೆ ಅಂತ ಹೇಳಿಬಿಡುವ ಕಣ್ಣು. ಹೇಳಿದ್ದು ಹೆಚ್ಚುಕಡಿಮೆ ಹಾಗೇ ಆಗುತ್ತಿತ್ತು. ಕೋಪವೂ ಅಷ್ಟೇ ಇತ್ತು ಅನ್ನಿ. ಟೀಚರ್ ಸೀಟಿ ಊದಿದರೆ ಆಚೆಯ ಚಾಂಪಿಯನ್ ರೀಫ್ಸ್ ಗಣಿಯ ನಾಯಿಗಳೂ ಎದ್ದು ನಿಲ್ಲುತ್ತವೆ ಅಂತ ಹುಡುಗಿಯರು ಹಿಂದಿನಿಂದ ಆಡಿಕೊಳ್ಳುತ್ತಿದ್ದರು.

ತಂಡವನ್ನು ಸಾಕುತ್ತಿದ್ದದ್ದು ಗಣಿಯಲ್ಲಿ ದುಡಿದು ನಿವೃತ್ತರಾದ ಹಿರಿಯರ ಒಂದು ಸಂಘ. ಅದರ ಕಾರ್ಯದರ್ಶಿ ಕುಪ್ಪುಸ್ವಾಮಿ. ಗಣಿಯೊಳಗೆ ಆಳುಗಳನ್ನು ಇಳಿಸಿ ಹತ್ತಿಸುವ ಯಂತ್ರವನ್ನು ಆಯುಷ್ಯವೆಲ್ಲ ನಡೆಸಿ ಬಂದ ಮನುಷ್ಯ. ಮಾತು ಒರಟು, ಮನಸ್ಸು ಹಾಗಲ್ಲ. ಚಿನ್ನ ತೆಗೆದು ಉಳಿದ ಮರಳು ಸುರಿದ ಸೈನೈಡ್ ದಿಬ್ಬದ ಪಕ್ಕದಲ್ಲಿ ಒಂದು ಕೋರ್ಟು, ಟೀಚರ್ ಮನೆಯ ಹಿಂದೆ ಹುಡುಗಿಯರಿಗೆ ಎರಡು ಕೋಣೆ, ಇಷ್ಟೇ ಸಂಘದ ಆಸ್ತಿ. ಹೊರಗಿನ ಊರಿನ ಹುಡುಗಿಗೆ ಇದ್ದದ್ದು ಒಂದೇ ಸೀಟು, ಅದು ಖಾಲಿಯಾದ ವರ್ಷ ಜೂನಿನಲ್ಲಿ ಒಬ್ಬಳಿಗೆ ಕೊಡುತ್ತಿದ್ದರು. ಊಟ, ಮೊಟ್ಟೆ, ಹಾಲು, ಸ್ಕೂಲು, ಆಟ, ಎಲ್ಲ ಸಂಘದ್ದೇ. ಮುಂದಿನ ಮೇ ತಿಂಗಳಲ್ಲಿ ಹಿರಿಯರೆಲ್ಲ ಕೋರ್ಟಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತು, ಟೀಚರ್ ಆರಿಸಿದ್ದು ಹೇಗೆ, ಬೆಳೆಸಿದ್ದು ಹೇಗೆ ಅಂತ ನೋಡುತ್ತಿದ್ದರು. ಅದಕ್ಕೆ 'ವರ್ಷದ ನೋಟ' ಅಂತ ಹೆಸರು. ನೋಟದಲ್ಲಿ ಹುಡುಗಿ ಒಪ್ಪಿಗೆಯಾದರೆ ಸ್ಕೂಲು ಮುಗಿಯುವವರೆಗೂ ಸೀಟು ಗಟ್ಟಿ. ಇಲ್ಲವಾದರೆ ಟ್ರಂಕು ಎತ್ತಿಕೊಂಡು ಮನೆಗೆ ಹೋಗಬೇಕು.

ಎಂಬತ್ತಮೂರರ ಸಂಕ್ರಾಂತಿ ಕಳೆದ ಮೇಲೆ ಟೀಚರ್ ಬಂಗಾರಪೇಟೆ ಆಚೆಯ ಮುದ್ದನಪಲ್ಲಿಗೆ, ಯಾರೋ ನೆಂಟರ ಮಗುವಿನ ನಾಮಕರಣಕ್ಕೆ ಹೋಗಿದ್ದರು. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಬರುವಾಗ, ಒಂದು ಕಣದಲ್ಲಿ ರಾಗಿ ಹುಲ್ಲಿನ ಬಣವೆ ಒಟ್ಟುತ್ತಿದ್ದರು. ಮೇಲೆ ಒಬ್ಬ ಗಂಡಾಳು. ಕೆಳಗೆ ಒಂದು ಹುಡುಗಿ, ಲಂಗವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹುಲ್ಲಿನ ಕಂತೆ ಎತ್ತಿ ಎತ್ತಿ ಎಸೆಯುತ್ತಿದ್ದಳು. ಏನು ಎತ್ತರ ಅಂತೀರಿ! ಎಸೆದ ಕಂತೆ ಮೇಲಿನವನ ಎರಡು ಕೈಗೂ ಸರಿಯಾಗಿ ಹೋಗಿ ಕೂರುತ್ತಿತ್ತು, ಅದೂ ಆ ಹುಡುಗಿ ಪಕ್ಕದವರ ಜೊತೆ ಹರಟೆ ಹೊಡೆಯುತ್ತ, ಮೇಲೆ ನೋಡದೇನೇ ಎಸೆಯುತ್ತಿದ್ದಳು. ಟೀಚರ್ ಬಿಸಿಲಲ್ಲಿ ಅಲ್ಲೇ ನಿಂತುಬಿಟ್ಟರು.

ಅದು ಸೊಣ್ಣಪ್ಪನ ಕಣ. ಎರಡು ಹಸು ಕಟ್ಟಿಕೊಂಡು, ಬಂಗಾರಪೇಟೆ ಹೋಟೆಲುಗಳಿಗೆ ಹಾಲು ಹಾಕಿ ಸಂಸಾರ ನಡೆಸುವವನು. ಟೀಚರ್ ನೇರವಾಗಿ ಮನೆಗೆ ಹೋಗಿ, ಬಾಗಿಲಲ್ಲೇ ನಿಂತು, "ನಿಮ್ಮ ಹುಡುಗೀನ ನಮ್ಮ ತಂಡಕ್ಕೆ ಕೊಡಿ. ಓದಿಸ್ತೀವಿ, ಆಟ ಕಲಿಸ್ತೀವಿ, ನಮ್ಮ ಮನೆ ಮಗಳ ಹಾಗೆ ನೋಡ್ಕೋತೀವಿ," ಅಂದರು. ಸೊಣ್ಣಪ್ಪ ತಾಯಿಯ ಮುಖ ನೋಡಿದ. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅವನ ತಾಯಿ ಚಿಕ್ಕವೆಂಕಟಮ್ಮನೇ ಮಾತಾಡಿದಳು.

"ಅಷ್ಟು ದೂರದಿಂದ ಬಂದು, ನಮ್ಮನೆ ಎಣ್ಣು ಬೇಕು ಅಂತ ಬಾಕ್ಲಲ್ಲಿ ನಿಂತವ್ರೆ. ಇಲ್ಲ ಅನ್ನಬಾರ್ದು ಕಣ್ಲಾ. ಕಳಿಸ್ತೀವಿ ಓಗಮ್ಮಣ್ಣಿ, ಜೂನಿಗೆ ಕಳಿಸ್ತೀವಿ."

ಯಾವ ಹುಡುಗಿ ಅಂತ ಅಜ್ಜಿ ಕೇಳಲಿಲ್ಲ. ಯಾವ ಹುಡುಗಿ ಅಂತ ಟೀಚರ್ ಹೇಳಲಿಲ್ಲ. ಕಣ್ಣ ಮುಂದೆ ಅಷ್ಟುದ್ದದ ಹುಡುಗಿ ಇರುವಾಗ ಹೇಳುವುದೇನು ಬಂತು? ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ ಹಾಗೆ, ಉರಿಗಾಂಗೆ ಬಂದವರೇ ಕುಪ್ಪುಸ್ವಾಮಿಯ ಮನೆಗೆ ಹೋಗಿ, "ಸಾರ್, ಈ ಸಲ ಸಿಕ್ಕಿರೋ ಹುಡುಗೀನ ನೋಡಿದರೆ ನೀವು ಕುರ್ಚಿಯಿಂದ ಎದ್ದು ನಿಲ್ತೀರಿ," ಅಂತ ಹೇಳಿಬಿಟ್ಟರು.

ಜೂನ್ ಬಂತು. ಸೊಣ್ಣಪ್ಪನೂ ಬಂದ. ತಲೆಯ ಮೇಲೆ ಟ್ರಂಕು, ಪಕ್ಕದಲ್ಲಿ ಒಂದು ಪುಟ್ಟ ಹುಡುಗಿ. ಎರಡು ಜಡೆ ಬಿಗಿದು ಕನಕಾಂಬರ ಮುಡಿಸಿದ್ದಾರೆ, ಹಣೆಯಲ್ಲಿ ಆರತಿಯ ಕುಂಕುಮ ಇನ್ನೂ ಹಸಿಯಾಗಿದೆ, ಮಡಿಲಲ್ಲಿ ಅಕ್ಕಿ ಬೆಲ್ಲದ ಗಂಟು. ಅವಳ ತಲೆ ಸೊಣ್ಣಪ್ಪನ ಎದೆಗೂ ಬರುತ್ತಿರಲಿಲ್ಲ. ಟೀಚರ್ ಅವರ ಹಿಂದೆ ಬಾಗಿಲಾಚೆ ಇಣುಕಿ ನೋಡಿದರು. ಇನ್ಯಾರೂ ಇರಲಿಲ್ಲ.

"ಎಲ್ಲಿ, ಹುಡುಗಿ?"

"ಇವಳೇ ಅಮ್ಮಣ್ಣಿ. ಕದಿರಮ್ಮ ಅಂತ ಎಸ್ರು. ನಮ್ ಚಿಕ್ಕೋಳು."

"ಅಯ್ಯೋ ನಾನು ಕೇಳಿದ್ದು ಇವಳನ್ನಲ್ಲಪ್ಪಾ!" ಅಂತ ಟೀಚರ್ ಕೂಗಿಯೇಬಿಟ್ಟರು. "ಬಣವೆ ಹತ್ತಿರ ನಿಂತಿದ್ದಳಲ್ಲ, ಉದ್ದನೆ ಹುಡುಗಿ, ಅವಳು!"

ಸೊಣ್ಣಪ್ಪ ಟ್ರಂಕು ಇಳಿಸಿ, ತಲೆಯ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡ. "ಅದು ದೊಡ್ಡೋಳು, ಕನಕ. ಅವಳು ಉಟ್ಟಿದಾಗ್ಲೇ ಅವಳ ಸೋದರಮಾವಂಗೆ ಅಂತ ಮಾತಾಗೋಗೈತೆ ಅಮ್ಮಣ್ಣಿ. ಅವಳ್ನ ಎಂಗೆ ಕೊಡೋದು? ಅಂಗಂತ ನಿಮಗೆ ಕೊಟ್ಟ ಮಾತು ತಪ್ಪೋಕಾಯ್ತದಾ? ಅದಕ್ಕೇ ನಮ್ಮವ್ವ ಚಿಕ್ಕೋಳ್ನ ಕಳಿಸ್ದಳು. ಊರವ್ರೆಲ್ಲ ಬಂದು ಆರತಿ ಎತ್ತಿ ಕಳಿಸವ್ರೆ."

ಅವನ ಮಾತಿನಲ್ಲಿ ಕಪಟ ಇರಲಿಲ್ಲ. ಆ ಕಡೆ ಸಂಬಂಧದ ವಿಷಯದಲ್ಲಿ ಹಾಗೇ ನಡೆಯುತ್ತಿತ್ತು. ಮಾತು ಕೊಡುವುದು ಮನೆ. ದೊಡ್ಡವಳಿಗೆ ಅಡ್ಡಿ ಬಂದರೆ ಚಿಕ್ಕವಳನ್ನು ಕೊಟ್ಟು ಮನೆಯ ಮಾತು ಉಳಿಸಿಕೊಳ್ಳುತ್ತಾರೆ. ಆಟದ ತಂಡಕ್ಕೂ ಅವರು ಅದೇ ಲೆಕ್ಕ ಹಿಡಿದಿದ್ದರು. ಈಗ ಆ ಹುಡುಗಿಯನ್ನು ವಾಪಸ್ ಕಳಿಸಿದರೆ? ಮಡಿಲು ತುಂಬಿ ಕಳಿಸಿದ ಹೆಣ್ಣು ಹೊತ್ತು ಮುಳುಗುವುದರೊಳಗೆ ತಿರುಗಿ ಬಂತಂತೆ ಅಂತ ಊರೆಲ್ಲ ಆಡಿಕೊಳ್ಳುತ್ತದೆ, ನಾಳೆ ಅವಳ ಮದುವೆ ಮಾತು ಬಂದಾಗ ಆ ಮಾತೂ ಬರುತ್ತದೆ. ಬಂಗಾರಪೇಟೆಯಲ್ಲೇ ಹುಟ್ಟಿ ಬೆಳೆದ ಟೀಚರ್‌ಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹುಡುಗಿಯನ್ನು ನೋಡಿದರು. ಅವಳು ನೆಲ ನೋಡುತ್ತ ನಿಂತಿದ್ದಳು; 'ಇವಳನ್ನಲ್ಲಪ್ಪಾ' ಅನ್ನುವ ಮಾತನ್ನು ಅವಳು ಚೆನ್ನಾಗಿಯೇ ಕೇಳಿಸಿಕೊಂಡಿದ್ದಳು.

"ಇರಲಿ, ಒಳಗೆ ಬಾ," ಅಂದರು ಟೀಚರ್.

ಕುಪ್ಪುಸ್ವಾಮಿ ನೋಡಲು ಬಂದವರು ನಿಜಕ್ಕೂ ಕುರ್ಚಿಯಿಂದ ಎದ್ದು ನಿಂತರು. "ಎನ್ನಮ್ಮಾ ಇದು? ನೀನು ಹೇಳಿದ್ದು ತೆಂಗಿನ ಮರ, ತಂದಿರೋದು ತುಳಸಿ ಗಿಡ! ಆಟ ಕಲಿಸಬಹುದು, ಸರಿ. ಮೊಣಕಾಲು ಹಿಡಿದು ಎಳೆದು ಉದ್ದ ಮಾಡೋಕಾಗುತ್ತಾ?"

"ಬೆಳೀತಾಳೆ ಸಾರ್, ಇನ್ನೂ ಚಿಕ್ಕ ವಯಸ್ಸು."

"ಬೆಳೀಲಿ, ಬೆಳೀಲಿ. ಮೇ ತಿಂಗಳಲ್ಲಿ ನೋಡ್ತೀನಲ್ಲ," ಅಂದು ಅವರು ಕೊಡೆ ಬಿಚ್ಚಿಕೊಂಡು ಹೋದರು.

ಕದಿರ ಬೆಳೆಯಲಿಲ್ಲ. ಮೊಟ್ಟೆ ತಿಂದಳು, ಹಾಲು ಕುಡಿದಳು, ಫಿಲೋಮಿನಾ ಹೇಳಿದಳು ಅಂತ ಬಾಗಿಲ ಚೌಕಟ್ಟಿಗೆ ಜೋತುಬಿದ್ದು ತೂಗಾಡಿದಳು. ಫಿಲೋಮಿನಾ ಅಂದರೆ ತಂಡದ ಉದ್ದನೆಯ ಹುಡುಗಿ, ಕೋರಮಂಡಲ್ ಗಣಿ ಕಾರ್ಮಿಕನ ಮಗಳು. ಬಾಯಿ ಬಿಟ್ಟರೆ ತಮಾಷೆ. ಏನು ಮಾಡಿದರೂ ಕದಿರನ ಮೈ ಒಂದು ಬೆರಳಷ್ಟೂ ಮೇಲೇಳಲಿಲ್ಲ. ಮೊದಲ ತಿಂಗಳು ಚೆಂಡು ಅವಳ ಕೈಯಲ್ಲಿ ನಿಲ್ಲುತ್ತಲೂ ಇರಲಿಲ್ಲ. ಟೀಚರ್ ಬೈದರು. ಒಂದು ದಿನವಲ್ಲ, ದಿನಾ ಬೈದರು. "ಕೈ ಇದೆಯೋ ಮುದ್ದೆ ಕೋಲಿದೆಯೋ ನಿಂಗೆ?" ಅಂತ ಕೇಳಿದರೆ ಅವಳು ಅಳುತ್ತಲೂ ಇರಲಿಲ್ಲ, ಎದುರು ಮಾತೂ ಆಡುತ್ತಿರಲಿಲ್ಲ. ಬಿದ್ದ ಚೆಂಡನ್ನು ಓಡಿಹೋಗಿ ತರುತ್ತಿದ್ದಳು. ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು, ದಿಬ್ಬದಿಂದ ಗಾಳಿಗೆ ಹಾರಿ ಬಂದು ಕೋರ್ಟಿನ ಮೇಲೆ ಕೂತ ಮರಳನ್ನು ಗುಡಿಸಿಡುತ್ತಿದ್ದಳು. ಯಾರೂ ಹೇಳಿರಲಿಲ್ಲ.

ದೀಪಾವಳಿ ಹೊತ್ತಿಗೆ ಒಂದು ವಿಚಿತ್ರ ಟೀಚರ್ ಕಣ್ಣಿಗೆ ಬಿತ್ತು. ಕದಿರನ ತಂಡ ಯಾವುದಾದರೂ ಸರಿ, ಆ ತಂಡದ ಹುಡುಗಿಯರ ಕೈಗೆ ಚೆಂಡು ಸಲೀಸಾಗಿ ಬರುತ್ತಿತ್ತು. ಫಿಲೋಮಿನಾ ಹಿಂದೆ ತಿರುಗಿದರೆ ಚೆಂಡು ಅಲ್ಲಿ, ಮುಂದೆ ಜಿಗಿದರೆ ಚೆಂಡು ಅಲ್ಲಿ. ಯಾರು ಎಲ್ಲಿ ಓಡುತ್ತಾರೆ ಅನ್ನುವುದು ಓಡುವವರಿಗಿಂತ ಮೊದಲೇ ಕದಿರನಿಗೆ ಗೊತ್ತಿರುತ್ತಿತ್ತು.

"ಹೆಂಗೆ ಗೊತ್ತಾಗುತ್ತೆ ನಿಂಗೆ?" ಅಂತ ಕೇಳಿದರು ಟೀಚರ್.

ಕದಿರ ಉಗುರು ಕಚ್ಚಿಕೊಂಡು ಯೋಚಿಸಿದಳು. "ಹಸ ಹೊಲಕ್ಕೆ ನುಗ್ಗೋಕ್ಮುಂಚೆ ಕಿವಿ ತಿರುಗಿಸ್ತೈತೆ ಟೀಚರ್. ಫಿಲ್ಲಕ್ಕ ಓಡೋಕ್ಮುಂಚೆ ಭುಜ ತಿರುಗಿಸ್ತಾಳೆ."

"ನನ್ನ ಹಸು ಅಂತಾಳೆ ನೋಡಿ ಟೀಚರ್!" ಅಂತ ಫಿಲೋಮಿನಾ ಬೊಬ್ಬೆ ಹಾಕಿದಳು. ಎಲ್ಲರೂ ನಕ್ಕರು.  ಟೀಚರ್‌ಗೆ ಭೇಷ್ ಅನ್ನಬೇಕು ಅನ್ನಿಸಿತು. ಆದರೆ ಮೇ ತಿಂಗಳು ನೆನಪಾಗಿ, ಈಗ ಭೇಷ್ ಅಂದು ಆಮೇಲೆ ಮನೆಗೆ ಕಳಿಸಬೇಕಾದರೆ ಮಗುವಿನ ಗತಿಯೇನು ಅಂತ, "ಹೂಂ, ಆಡಿ ಆಡಿ," ಅಂದು ಸೀಟಿ ಊದಿದರು.

ಅವಳು ರಿಂಗಿಗೆ ಎಸೆಯುತ್ತಲೇ ಇರಲಿಲ್ಲ ಅನ್ನುವುದೊಂದು ತೊಡಕು. ಬಂಗಾರಪೇಟೆಯಲ್ಲಿ, ಕೋಲಾರದಲ್ಲಿ ಪಂದ್ಯ ಆಡಿ ಬಂದಾಗಲೆಲ್ಲ ಕುಪ್ಪುಸ್ವಾಮಿ ಕೇಳುವುದು ಒಂದೇ: "ನಿನ್ನ ತುಳಸಿ ಗಿಡ ಎಷ್ಟು ಪಾಯಿಂಟ್ ತಂತು?" ಏನೂ ಇಲ್ಲ. ಫಿಲೋಮಿನಾ ತಂದಿರುತ್ತಿದ್ದಳು, ಉಳಿದವರು ತಂದಿರುತ್ತಿದ್ದರು. ಚೆಂಡು ಕೊಟ್ಟವರ ಲೆಕ್ಕ ಆಗ ಯಾರು ಇಡುತ್ತಿದ್ದರು! ಟೀಚರ್ ಎಷ್ಟು ವಿವರಿಸಿದರೂ ಕುಪ್ಪುಸ್ವಾಮಿ, "ಕೊಡೋಕೆ ಯಾರಾದ್ರೂ ಕೊಡ್ತಾರಮ್ಮ, ಹಾಕೋಕೆ ಕೈ ಬೇಕು," ಅಂದುಬಿಡುತ್ತಿದ್ದರು.

ಹೀಗೆ ಮೇ ಹತ್ತಿರ ಬಂತು. ನೋಟಕ್ಕೆ ಇನ್ನೊಂದು ವಾರ ಇದೆ ಅನ್ನುವಾಗ, ಸೋಮವಾರ ಬೆಳಗಿನ ರೈಲಿಗೆ ಸೊಣ್ಣಪ್ಪ ಬಂದಿಳಿದ. ಜೊತೆಯಲ್ಲಿ ಕನಕ. ವರ್ಷದಲ್ಲಿ ಇನ್ನಷ್ಟು ಎತ್ತರವಾಗಿ, ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದಳು.

"ಅವಳ ಮಾವ ಆಂಜಿನಪ್ಪ ಕೋಲಾರದಾಗೆ ಬಸ್ಸಿನ ಕಂಡಕ್ಟ್ರಾದ ಅಮ್ಮಣ್ಣಿ," ಅಂದ ಸೊಣ್ಣಪ್ಪ. "ಅಲ್ಲೇ ಯಾರ್ನೋ ಕಟ್ಕೊಂಡವ್ನೆ. ನಮಗೊಂದು ಮಾತೂ ಏಳ್ನಿಲ್ಲ."

"ಪೀಡೆ ತೊಲಗ್ತು ಬಿಡಪ್ಪಾ," ಅಂದಳು ಕನಕ. "ನಾನೇನ್ ಅತ್ಕೊಂಡ್ ಕೂತಿದ್ನಾ? ಅವನ ಮೀಸೆ ನೋಡಿದ್ರೇನೇ ನಗು ಬತ್ತಿತ್ತು."

"ಸುಮ್ಕಿರೇ. ಅದಕ್ಕೇ ಅಮ್ಮಣ್ಣಿ, ಅವತ್ತು ನೀವು ಕೇಳಿದ್ದು ಇವಳ್ನ. ಅವತ್ತು ಕೊಡೋಕಾಗ್ನಿಲ್ಲ. ಅದು ನಮ್ಮವ್ವನ ಮನಸ್ನಾಗೆ ಕೊರೀತಾನೇ ಇತ್ತು. ಈಗ ಕೇಳಿದ ಎಣ್ಣನ್ನೇ ತಂದಿವ್ನಿ. ಚಿಕ್ಕೋಳ್ನ ಕರ್ಕೊಂಡೋಗ್ತೀನಿ. ಕೆಲಸಕ್ಕೆ ಬಾರದೋಳ್ನ ಒಂದ್ ವರ್ಷ ಸಾಕಿದ್ರಿ, ನಿಮ್ ಒಟ್ಟೆ ತಣ್ಣಗಿರ್ಲಿ."

ಕದಿರ ಅಪ್ಪನಿಗೆ ನೀರು ತಂದು ಅಲ್ಲೇ ನಿಂತಿದ್ದಳು. ಚೊಂಬು ಕೆಳಗಿಟ್ಟು, "ಅಕ್ಕಾ, ಬಾ ಕೋರ್ಟು ತೋರಿಸ್ತೀನಿ," ಅಂದಳು.

ಟೀಚರ್ ಹಿಂದೆಯೇ ಹೋದರು. ಹೋಗದೆ ಇರಲು ಆಗಲಿಲ್ಲ, ಅದೂ ನಿಜ. ಫಿಲೋಮಿನಾ ತುಂಟತನಕ್ಕೆ ಕನಕನ ಕಡೆ ಚೆಂಡು ಬೀಸಿ ಎಸೆದಳು. ಕನಕ ಹುಟ್ಟಿದಾಗಿನಿಂದ ಬ್ಯಾಸ್ಕೆಟ್‌ಬಾಲ್ ಮುಟ್ಟಿದವಳಲ್ಲ. ತಿರುಗಿ ಒಂದೇ ಕೈಯಲ್ಲಿ ಅದನ್ನು ಗಾಳಿಯಲ್ಲೇ ಹಿಡಿದು, "ಎಲ್ಲಿಗಾಕಬೇಕು ಇದ್ನ? ಆ ಬಳೆಗಾ?" ಅಂತ ಕೇಳಿ, ನಿಂತಲ್ಲಿಂದಲೇ ಎಸೆದಳು. ಕಬ್ಬಿಣಕ್ಕೆ ತಾಗದೆ ಚೆಂಡು ಬಲೆಯೊಳಗೆ ಇಳಿಯಿತು.  ಟೀಚರ್ ಇಷ್ಟು ವರ್ಷ ಊರೂರು ಸುತ್ತಿ ಹುಡುಕಿದ ಕೈ ಅದು.

ಸುದ್ದಿ ಕೇಳಿ ಓಡಿ ಬಂದ ಕುಪ್ಪುಸ್ವಾಮಿ ಕನಕನ ಪಕ್ಕ ನಿಂತು ತಾನೇ ಕತ್ತೆತ್ತಿ ನೋಡಿ, ಮಗುವಿನ ಹಾಗೆ ನಕ್ಕರು. "ವರ್ಷ ತಡ ಆದ್ರೂ ಬಂತಲ್ಲಮ್ಮ ನಿನ್ನ ಆಯ್ಕೆ! ಭಾನುವಾರ ನೋಟ ಇಟ್ಕೊಳ್ಳೋಣ. ನೋಟಾನಾ, ಅದು ಹೆಸರಿಗೆ ಅಷ್ಟೇ. ಸೀಟು ಇವಳದೇ." ಸೊಣ್ಣಪ್ಪ ಭಾನುವಾರ ಬಂದು ಚಿಕ್ಕವಳನ್ನು ಕರೆದೊಯ್ಯುವುದು ಅಂತ ಮಾತಾಯಿತು. 

ಆ ವಾರ ಟೀಚರ್ ಸರಿಯಾಗಿ ಊಟ ಮಾಡಲಿಲ್ಲ. ಕನಕನನ್ನು ನೋಡಿದರೆ ಸಂತೋಷವಾಗುತ್ತಿತ್ತು, ಸಂತೋಷವಾಯಿತಲ್ಲ ಅಂತ ತನ್ನ ಮೇಲೇ ಸಿಟ್ಟು ಬರುತ್ತಿತ್ತು. ಎರಡೂ ಸೇರಿ ಫಿಲೋಮಿನಾಗೆ ಬೈಗುಳವಾಗಿ ಬೀಳುತ್ತಿದ್ದವು.

ಗುರುವಾರ ಬೆಳಗ್ಗೆ ಟೀಚರ್ ಅಡುಗೆಮನೆಯಲ್ಲಿ ಕಾಫಿಗೆ ನೀರಿಟ್ಟಿದ್ದರು. ಕಿಟಕಿಯಾಚೆ ಅಕ್ಕತಂಗಿ ಇಬ್ಬರೂ ಕೋರ್ಟು ಗುಡಿಸುತ್ತಿದ್ದರು. ಕದಿರ ಮಾತಾಡುತ್ತಿದ್ದಳು. ಇಡೀ ವರ್ಷ ಅಷ್ಟು ಮಾತಾಡಿದ್ದನ್ನು ಟೀಚರ್ ಕೇಳಿರಲಿಲ್ಲ.

"ಅಂಚಿಂದ ಗುಡ್ಸಕ್ಕಾ, ಮಧ್ಯದಿಂದ ಗುಡ್ಸಿದ್ರೆ ಮರಳು ಮತ್ತೆ ಬಂದು ಕೂರ್ತೈತೆ. ಫಿಲ್ಲಕ್ಕಂಗೆ ಎಡಗಡೆ ಚೆಂಡು ಕೊಡಬೇಡ, ಬಿಟ್ಬಿಡ್ತಾಳೆ. ಬಲಕ್ಕೇ ಕೊಡು. ಬಿಟ್ರೂ ನಗಬೇಡ, ಅವಳು ನಗ್ತಾಳೆ, ಆದ್ರೆ ರಾತ್ರಿ ಒಬ್ಳೇ ಅಳ್ತಾಳೆ. ಟೀಚರ್‌ಗೆ ಕಾಫಿ ಕುಡಿಯೋವರ್ಗೂ ಸಿಟ್ಟು ಜಾಸ್ತಿ, ಅಲ್ಲೀವರ್ಗೂ ಏನೂ ಕೇಳಬೇಡ. ಬೈತಾರೆ, ಬೈದಿದ್ದನ್ನ ಮನ್ಸಿಗೆ ಹಾಕ್ಕೋಬೇಡ. ಚಳಿ ಬಂದ್ರೆ ಅವರಿಗೆ ಮಂಡಿ ನೋಯ್ತೈತೆ, ಹೇಳಲ್ಲ. ಬಿಸಿನೀರು ಕಾಯಿಸಿ ಬಾಗ್ಲಲ್ಲಿ ಇಟ್ಬಿಡು, ತಾವೇ ತಗೋತಾರೆ."

ಒಲೆಯ ಮೇಲೆ ನೀರು ಕುದಿದು ಉಕ್ಕಿತು. ಟೀಚರ್ ಅದನ್ನು ಇಳಿಸಲಿಲ್ಲ. ಚಳಿಗಾಲವಿಡೀ ಬಾಗಿಲಲ್ಲಿ ಬಿಸಿನೀರು ಇಟ್ಟವಳು ಹುಡುಗಿಯರಿಗೆ ಅಡುಗೆ ಮಾಡುವವಳು ಅಂತ ಆಕೆ ತಿಳಿದಿದ್ದರು. ಮನೆ ಬಿಟ್ಟು ಹೋಗುವ ಮಗಳು ಬರುವ ಸೊಸೆಗೆ ಹೇಳಿಕೊಡುವ ಹಾಗೆ ಈ ಮಗು ತನ್ನ ಜಾಗವನ್ನು ಅಚ್ಚುಕಟ್ಟಾಗಿ ಒಪ್ಪಿಸಿಕೊಡುತ್ತಿತ್ತು. ಟೀಚರ್ ಸೆರಗಿನಲ್ಲಿ ಮುಖ ಒತ್ತಿಕೊಂಡು ಅತ್ತರು. ಯಾಕೆ ಮುಚ್ಚಿಡಬೇಕು, ಜೋರಾಗಿಯೇ ಅತ್ತರು.

ಆವತ್ತು ಸ್ಕೂಲ್ ಗ್ರೌಂಡಿನಿಂದ ಬರುವಾಗ ಕದಿರನನ್ನು ಪಕ್ಕಕ್ಕೆ ಕರೆದು ಕೇಳಿದರು. "ಭಾನುವಾರ ಊರಿಗೆ ಹೋಗಬೇಕಲ್ಲ. ನಿಂಗೆ ಬೇಜಾರಿಲ್ವಾ?"

ಕದಿರ ನಡೆಯುತ್ತಲೇ ಇದ್ದಳು. ಸಿಟ್ಟಿಲ್ಲದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: "ನನ್ನ ಕೇಳಿ ಕರ್ಕೊಂಡು ಬಂದಿದ್ರೆ ಬೇಜಾರ್ ಮಾಡ್ಕೋಬಹುದಿತ್ತು ಟೀಚರ್."



ಭಾನುವಾರ ಸಂಜೆ ಹಿರಿಯರ ಕುರ್ಚಿಗಳು ಸಾಲಾಗಿ ಬಂದವು. ಸೊಣ್ಣಪ್ಪ ಕುರ್ಚಿ ಬೇಡ ಅಂತ ಕಂಬದ ಹತ್ತಿರ ಕುಕ್ಕರಗಾಲಲ್ಲಿ ಕೂತ. ಪಕ್ಕದಲ್ಲಿ ಕದಿರನ ಟ್ರಂಕು. ಹುಡುಗಿಯರನ್ನು ಎರಡು ಗುಂಪು ಮಾಡಿ ಆಡಿಸಿದರು. ಅಕ್ಕತಂಗಿ ಒಂದೇ ಕಡೆ ಬಿದ್ದರು. ಕನಕ ಆಡಿದ ಆಟವನ್ನು ಹೇಗೆ ಹೇಳಲಿ! ಕೈಗೆ ಬಂದದ್ದೆಲ್ಲ ರಿಂಗಿಗೆ ಹೋಯಿತು. ಹಿರಿಯರು ಕೋಲು ನೆಲಕ್ಕೆ ಕುಟ್ಟಿದರು, ಕುಪ್ಪುಸ್ವಾಮಿ ತಮಿಳಿನಲ್ಲಿ ಕೂಗಿದರು. ಟೀಚರ್ ಮಾತ್ರ ಕನಕನನ್ನು ನೋಡಲಿಲ್ಲ. ಚೆಂಡು ಕನಕನ ಕೈಗೆ ಬರುವ ಮೊದಲು ಎಲ್ಲಿತ್ತು ಅಂತ ನೋಡುತ್ತಿದ್ದರು. ಪ್ರತಿ ಸಲವೂ ಅದು ಒಂದೇ ಕಡೆಯಿಂದ ಬರುತ್ತಿತ್ತು. ಅಕ್ಕನಿಗೆ ಯಾವ ಎತ್ತರದಲ್ಲಿ ಬೇಕೋ ಆ ಎತ್ತರಕ್ಕೆ, ಅವಳು ತಿರುಗುವಷ್ಟರಲ್ಲಿ, ಮೆತ್ತಗೆ.

"ಮುಗೀತಲ್ಲಮ್ಮ," ಅಂದರು ಕುಪ್ಪುಸ್ವಾಮಿ, ಎದ್ದು ನಿಂತು. "ಇದಕ್ಕಿಂತ ಏನು ಬೇಕು?"

ಟೀಚರ್ ಅವರ ಮುಂದೆ ಬಂದು ನಿಂತರು. "ಸಾರ್, ಆರಿಸಿದ್ದಕ್ಕೂ ಬೆಳೆಸಿದ್ದಕ್ಕೂ ನೋಡೋದು ತಾನೇ ಈ ನೋಟ? ಆರಿಸಿದ್ದು ನೋಡಿದ್ರಿ. ಕನಕ. ನನ್ನ ಕಣ್ಣು ತಪ್ಪಲಿಲ್ಲ. ಬೆಳೆಸಿದ್ದು ನೋಡಿದ್ರಾ? ಮನೆಗೆ ಹೋಗೋ ಹುಡುಗಿ ಸಾರ್ ಅದು. ಟ್ರಂಕು ಕಟ್ಟಿ ಇಟ್ಟಿದಾಳೆ. ತನ್ನ ಸೀಟು ಕಿತ್ಕೊಳ್ಳೋಳನ್ನ ನಿಮ್ಮ ಮುಂದೆ ತಾನೇ ಗೆಲ್ಲಿಸಿದಳು. ಒಂದು ಚೆಂಡು ತಪ್ಪಾಗಿ ಕೊಡಬಹುದಿತ್ತು, ಯಾರಿಗೂ ಗೊತ್ತಾಗ್ತಿರಲಿಲ್ಲ. ಕೊಡಲಿಲ್ಲ. ಇಂಥ ಹುಡುಗೀನ ನಮ್ಮ ಕೋರ್ಟು ಬೆಳೆಸಿದೆ. ಬೆಳೆಸಿ ಈಗ ಕಳಿಸೋದಾ?"

ಕುಪ್ಪುಸ್ವಾಮಿ ಮೂಗಿನ ಮೇಲಿನ ಕನ್ನಡಕ ತೆಗೆದು ಒರೆಸಿದರು. "ನಿಜ ಹೇಳು. ದೊಡ್ಡವಳಿದ್ದರೆ ಕಪ್ ಬರುತ್ತೆ."

"ಬರುತ್ತೆ ಸಾರ್."

"ಚಿಕ್ಕವಳಿದ್ದರೆ?"

"ಗೊತ್ತಿಲ್ಲ ಸಾರ್."

"ಇರೋದು ಒಂದೇ ಸೀಟು, ಮತ್ತೆ ಖಾಲಿ ಆಗೋಷ್ಟರಲ್ಲಿ ದೊಡ್ಡವಳ ವಯಸ್ಸು ದಾಟಿರುತ್ತೆ. ಕೈ ಬಿಟ್ಟರೆ ಬಿಟ್ಟ ಹಾಗೇ. ಗೊತ್ತಾ?"

"ಗೊತ್ತು ಸಾರ್."

ಕುಪ್ಪುಸ್ವಾಮಿ ಗೊಣಗಿದರು, ತಲೆ ಕೊಡವಿದರು, ಯಾರ ಮೇಲೋ ಅನ್ನುವ ಹಾಗೆ ದಿಬ್ಬದ ಕಡೆ ತಿರುಗಿ ಬೈದರು. ಆಮೇಲೆ ಕುರ್ಚಿಯಲ್ಲಿ ಕೂತುಬಿಟ್ಟರು. "ಆರಿಸೋ ಕೆಲಸ ನಿನಗೆ ಕೊಟ್ಟಿರೋದು. ಆ ಚಿಕ್ಕವಳನ್ನ ನೀನು ಯಾವತ್ತೂ ಆರಿಸಲೇ ಇಲ್ಲ, ಅವರು ಕಳಿಸಿದ್ರು, ನೀನು ಇಟ್ಕೊಂಡೆ. ಈಗ ಆರಿಸಮ್ಮ. ಯಾರಾದ್ರೂ ಸರಿ, ಬಾಯಿಬಿಟ್ಟು ಕೇಳು."

ಕನಕನಂಥ ಕೈ ವೆಂಕಟರತ್ನಮ್ಮನಿಗೆ ಮತ್ತೆ ಸಿಗಲಿಲ್ಲ. ಮುಂದೆ ತುಂಬಾ ವರ್ಷ, ಯಾವುದಾದರೂ ಹಳ್ಳಿಯಲ್ಲಿ ಬಣವೆ ಒಟ್ಟುವುದನ್ನು ಕಂಡರೆ ಆಕೆ ನಿಂತು ನೋಡಿ ನಿಟ್ಟುಸಿರು ಬಿಡುತ್ತಿದ್ದರು. ಅಂಥ ಕೈ ಮತ್ತೆ ಸಿಗುವುದಿಲ್ಲ ಅಂತ ಆಕೆಗೆ ಆ ಸಂಜೆಯೇ ಗೊತ್ತಿತ್ತು. ಗೊತ್ತಿದ್ದೇ ಮೊದಲು ಕನಕನ ಹತ್ತಿರ ಹೋಗಿ, ಅವಳ ಎರಡೂ ಕೈ ಹಿಡಿದುಕೊಂಡರು. "ನಿನ್ನಂಥವಳನ್ನ ನಾನು ನೋಡಿಲ್ಲ ಕಣಮ್ಮ. ಆದರೂ..."

"ಓಗ್ಲಿ ಬಿಡಿ ಟೀಚರಮ್ಮ," ಅಂದಳು ಕನಕ. ಕೈ ಬಿಡಿಸಿಕೊಂಡು ನಕ್ಕಳು. "ವಾರ ಪೂರ್ತಿ ನೋಡಿವ್ನಿ. ನಾನು ಚೆಂಡಾಕ್ತೀನಿ. ಇವಳಿಲ್ಲ ಅಂದ್ರೆ ಯಾರ್ ಕೊಡ್ತಾರೆ ನಂಗೆ?"

ಟೀಚರ್ ಅಲ್ಲಿಂದ ಕಂಬದ ಕಡೆ ನಡೆದರು. ಸೊಣ್ಣಪ್ಪ ಗಾಬರಿಯಿಂದ ಎದ್ದು ಟವೆಲ್ಲು ತೆಗೆದ. ಅಪ್ಪನ ಹಿಂದೆ ಕದಿರ, ಟ್ರಂಕಿನ ಹಿಡಿ ಆಗಲೇ ಕೈಯಲ್ಲಿ.

"ಸೊಣ್ಣಪ್ಪನವರೇ, ಒಂದು ಮಾತು ಕೇಳೋಕೆ ಬಂದಿದೀನಿ. ನಿಮ್ಮ ಚಿಕ್ಕ ಮಗಳು ಕದಿರಮ್ಮನ್ನ ನಮ್ಮ ತಂಡಕ್ಕೆ ಕೊಡಿ."

ಸೊಣ್ಣಪ್ಪನಿಗೆ ಅರ್ಥವಾಗಲಿಲ್ಲ. "ಒಂದ್ ವರ್ಷದಿಂದ ನಿಮ್ಮನೇಲೇ ಅವ್ಳಲ್ಲ ಅಮ್ಮಣ್ಣಿ? ಈಗ ಕೇಳೋದೇನು?"

"ಅವಾಗ ಕೇಳಿರಲಿಲ್ಲ. ಈಗ ಕೇಳ್ತಾ ಇದೀನಿ. ದೊಡ್ಡವಳಲ್ಲ, ಮನೆಯ ಯಾವುದೋ ಒಂದು ಹುಡುಗಿ ಅಲ್ಲ. ಇವಳೇ ಬೇಕು." ಆಮೇಲೆ ಮಂಡಿ ನೋವನ್ನೂ ಲೆಕ್ಕಿಸದೆ ಕದಿರನ ಮುಖದ ಮಟ್ಟಕ್ಕೆ ಕೂತರು. "ಅಪ್ಪ ಆಮೇಲೆ ಹೇಳಲಿ. ನೀನು ಹೇಳು ಕದಿರಾ. ನಮ್ಮ ತಂಡಕ್ಕೆ ಬರ್ತೀಯಾ?"

ಕದಿರ ಹಿಂದೆ ತಿರುಗಿ ನೋಡಿದಳು, ಅಲ್ಲಿ ಇನ್ಯಾರಾದರೂ 'ಕದಿರ' ಇದ್ದಾಳೇನೋ ಅನ್ನುವ ಹಾಗೆ.

"ನನ್ನನ್ನಾ?"

"ನಿನ್ನನ್ನೇ."

ವರ್ಷವಿಡೀ ಬೈದರೂ ಅಳದ ಹುಡುಗಿ ಟ್ರಂಕಿನ ಹಿಡಿ ಬಿಟ್ಟು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಅಷ್ಟು ಜನರ ಎದುರಿಗೆ ಹೋ ಅಂತ ಅತ್ತಳು. ಫಿಲೋಮಿನಾ ಮೂಗು ಸೀಟಿಕೊಂಡಳು. ಕನಕ ಬಂದು ತಂಗಿಯ ಬೆನ್ನಿಗೊಂದು ಗುದ್ದಿದಳು. "ಊಂ ಅನ್ನೇ ಪೆದ್ದಿ, ನಮಗೆ ರೈಲು ಓಗ್ಬಿಡ್ತೈತೆ!"

"ಊಂ," ಅಂದಳು ಕದಿರ. ಅಷ್ಟು ಸಾಲದು ಅನ್ನಿಸಿರಬೇಕು. ಕಣ್ಣೊರೆಸಿಕೊಂಡು, ಟೀಚರ್ ಮುಖ ನೋಡಿ, ಸರಿಯಾಗಿ ಹೇಳಿದಳು.

"ಬತ್ತೀನಿ ಟೀಚರ್."